ಮದ್ದು ಮೊದಲು, ಇಲಿ ಆಮೇಲೆ

1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡತೊಡಗಿದಾಗ ಚಿತ್ತಾಪುರ, ಸೇಡಂ ಸೀಮೆಗೆ ರಾಜಧಾನಿ ಹತ್ತಿರವಾಯಿತು. ಬುದ್ಧಿ ಕೆಟ್ಟವರ ಮನೆಯವರಿಗೆ ಮಾತ್ರ ಅದರಿಂದ ಹೆಚ್ಚು ಅನುಕೂಲವಾಗಲಿಲ್ಲ. ಸಂಸ್ಥಾನದ ಹುಚ್ಚಾಸ್ಪತ್ರೆ ಇದ್ದದ್ದು ಮರಾಠವಾಡದ ಜಾಲ್ನಾದಲ್ಲಿ; ಸಿಕಂದರಾಬಾದಿನಲ್ಲಿ ಗಾಡಿ ಬದಲಿಸಿ ನಾಂದೇಡ್, ಪರ್ಭಣಿ ದಾಟಬೇಕಿತ್ತು. ಚಿಂಚೋಳಿಗಂತೂ ರೈಲೇ ಇಲ್ಲ. 1953ರಲ್ಲಿ ಆಸ್ಪತ್ರೆ ಹೈದರಾಬಾದಿನ ಎರ್ರಗಡ್ಡಕ್ಕೆ ಬಂತು. ಮೂರೇ ವರ್ಷಕ್ಕೆ ಕಲಬುರಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ, ಎರ್ರಗಡ್ಡ ಗಡಿಯಾಚೆ ಉಳಿಯಿತು.

ಶಹಾಬಾದ್, ವಾಡಿಯವರಿಗೆ ಎದುರು ದಿಕ್ಕಿನ ಗಾಡಿಯೇ ಸಲೀಸು. ಸೊಲ್ಲಾಪುರದ ಕಡೆ ಹೊರಟು ಗಾಣಗಾಪುರ ರೋಡ್‌ನಲ್ಲಿ ಇಳಿದರೆ ದತ್ತನ ಸನ್ನಿಧಿಗೆ ದಾರಿ. ಮಧ್ಯಾಹ್ನದ ಆರತಿಗೆ ಗಂಟೆ ಮೊಳಗಿದಂತೆ ‘ಗಾಳಿ ಸೋಕಿದವರು’ ಚೀರುತ್ತಾ ಕಂಬ, ಸರಳು ಹತ್ತುವುದನ್ನು ಅಲ್ಲಿ ಇಂದಿಗೂ ನೋಡಬಹುದು. ಹತ್ತುವವರೆಲ್ಲ ಸ್ಕಿಜೋಫ್ರೇನಿಯಾ ರೋಗಿಗಳಲ್ಲ, ನಿಜ. ಆದರೆ ಇಲ್ಲದ ದನಿ ಕೇಳಿಸುತ್ತದೆ, ಮನೆಯವರೇ ವಿಷ ಹಾಕುತ್ತಾರೆ ಎನ್ನುವ ಮಗನನ್ನು ಕಟ್ಟಿಕೊಂಡ ತಾಯಿ ದೇವರ ಬಾಗಿಲಿಗೆ ಹೋದರೆ ಅದನ್ನು ಅಜ್ಞಾನ ಎಂದು ತಳ್ಳಿಹಾಕುವುದು ಸುಲಭದ ಮಾತು. ಜಾಲ್ನಾದಲ್ಲಿ ಹುಚ್ಚಾಸ್ಪತ್ರೆ ಇದ್ದ ಆ ಕಾಲಕ್ಕೆ ಲಂಡನ್ನಿನ ಆಸ್ಪತ್ರೆಯಲ್ಲೂ ಈ ಕಾಯಿಲೆಗೆ ನೆಚ್ಚುವಂಥ ಮದ್ದಿರಲಿಲ್ಲ.

ಇದ್ದದ್ದು ಒಂದು ಬೇರು. ವೈದ್ಯರ ಸರ್ಪಗಂಧ, ಯುನಾನಿ ಹಕೀಮರ ಅಸ್ರೋಲ್. ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲೇ ಅದು ಹುಚ್ಚಿಗೂ ರಕ್ತದೊತ್ತಡಕ್ಕೂ ಆಗುತ್ತದೆಂದು ಬರೆದರು. ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿ 1952ರಲ್ಲಿ ಅದರಿಂದ ರೆಸರ್ಪಿನ್ ಬೇರ್ಪಡಿಸಿತು. ಎರಡು ವರ್ಷದಲ್ಲಿ ನ್ಯೂಯಾರ್ಕಿನ ನೇಥನ್ ಕ್ಲೈನ್ ಅದನ್ನು ಮನೋರೋಗಿಗಳಿಗೆ ಕೊಟ್ಟು ಫಲ ಕಂಡಿದ್ದರು.

ಅದು ಮಿದುಳಿನಲ್ಲಿ ಮಾಡುವುದೇನು? ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1957ರಲ್ಲಿ ಮೊಲಗಳಿಗೆ ರೆಸರ್ಪಿನ್ ಚುಚ್ಚಿದರು. ಮೊಲಗಳು ಕಿವಿ ಜೋತುಬಿಟ್ಟು ಕೂತಲ್ಲೇ ಕೂತವು. ಡೋಪಾ ಚುಚ್ಚಿದ್ದೇ ತಡ, ಹದಿನೈದು ನಿಮಿಷದಲ್ಲಿ ಕಿವಿ ನೆಟ್ಟಗಾದವು, ಓಡಾಟ ಶುರುವಾಯಿತು. ಡೋಪಾದಿಂದ ಮಿದುಳಿನಲ್ಲಿ ತಯಾರಾಗುವ ಡೋಪಮಿನ್ ಎಂಬ ರಾಸಾಯನಿಕದ ಬೆಲೆ ತಿಳಿದದ್ದು ಹೀಗೆ; 2000ದಲ್ಲಿ ಕಾರ್ಲ್‌ಸನ್‌ಗೆ ನೊಬೆಲ್ ಬಂತು. ಡೋಪಮಿನ್ನನ್ನು ನರಕೋಶದೊಳಗಿನ ಪುಟ್ಟ ಚೀಲಗಳಿಗೆ ತುಂಬುವ ಪ್ರೋಟೀನನ್ನೇ ರೆಸರ್ಪಿನ್ ತಡೆಯುತ್ತದೆಂಬುದು ಆಮೇಲೆ ಗೊತ್ತಾಯಿತು.

ಪ್ಯಾರಿಸ್‌ನ ಕ್ಲೋರ್‌ಪ್ರೊಮಜಿನ್ ಕಥೆಯೂ ಇಂಥದ್ದೇ. 1952ರಲ್ಲಿ ರೋಗಿಗಳಿಗೆ ಕೊಟ್ಟದ್ದು ಮೊದಲು, ಕಾರಣ ಹುಡುಕಿದ್ದು ನಂತರ. 1970ರ ದಶಕದಲ್ಲಿ ಟೊರಾಂಟೊ ಮತ್ತು ಬಾಲ್ಟಿಮೋರಿನ ಪ್ರಯೋಗಾಲಯಗಳಲ್ಲಿ ಕರುವಿನ ಮಿದುಳು ಅರೆದು ನೋಡಿದಾಗ ಕ್ಲೋರ್‌ಪ್ರೊಮಜಿನ್ ಬಗೆಯ ಮದ್ದುಗಳೆಲ್ಲ ಡೋಪಮಿನ್ನಿನ ಡಿ2 ಎಂಬ ಗ್ರಾಹಕ ಪ್ರೋಟೀನಿಗೆ ಅಂಟಿಕೊಳ್ಳುವುದು ಕಂಡಿತು. ಇತ್ತ ಬೆಂಗಳೂರಿನ ಮನೋರೋಗ ಸಂಸ್ಥೆ ನಿಮ್ಹಾನ್ಸ್ 1985ರಲ್ಲಿ ಬಳ್ಳಾರಿಯಲ್ಲಿ ಪ್ರಯೋಗಕ್ಕಿಟ್ಟ ಜಿಲ್ಲಾ ಯೋಜನೆ ಮನೋವೈದ್ಯವನ್ನು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ತಂದಿತು. ಈಗ ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ‘ಮನೋಚೈತನ್ಯ’ ಚಿಕಿತ್ಸೆ ನಡೆಯುತ್ತದೆ. ಈ ಕಾಯಿಲೆಗೆ ಸಾಮಾನ್ಯವಾಗಿ ಬರೆದುಕೊಡುವ ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್, ಒಲಾಂಜಪಿನ್ ಗುಳಿಗೆಗಳೂ ಹಿಡಿಯುವುದು ಅದೇ ಡಿ2ವನ್ನು.

ಈ ಕಾಯಿಲೆಯನ್ನು ಇಲಿಗಳಲ್ಲಿ ಅಭ್ಯಸಿಸಲು ಹೊರಟರೆ, ಇಲಿಗೆ ದನಿ ಕೇಳಿಸಿತೆ ಎಂದು ಕೇಳುವ ಹಾಗಿಲ್ಲ. ಹಾಗಾಗಿ ವಿಜ್ಞಾನಿಗಳು ಕೆಟಮಿನ್, ಎಂಕೆ-801ರಂಥ ವಸ್ತು ಕೊಟ್ಟು ಅದರ ನಡವಳಿಕೆ ಕೆಡಿಸಿ, ಮಿದುಳಿನ ಪ್ರೋಟೀನು ಅಳೆಯುತ್ತಾರೆ. ನರಗಳ ಅಬ್ಬರಕ್ಕೆ ಕಡಿವಾಣ ಹಾಕುವ ಕೋಶಗಳಲ್ಲಿ ಪಾರ್ವಾಲ್ಬುಮಿನ್, ಗ್ಯಾಡ್-67 ಎಂಬ ಪ್ರೋಟೀನುಗಳು ಇಳಿಯುವುದು ಹಲವು ಪ್ರಯೋಗಗಳಲ್ಲಿ ಕಂಡಿದೆ. ತೀರಿಕೊಂಡ ರೋಗಿಗಳ ಮಿದುಳಲ್ಲೂ ಇಂಥ ಇಳಿಕೆ ಸಿಕ್ಕಿರುವುದರಿಂದ ಇಲಿಯ ಮಾತಿಗೆ ತೂಕ ಬಂದಿದೆ. ನಿಮ್ಹಾನ್ಸ್‌ನಲ್ಲಿ 1995ರಿಂದ ಇರುವ ಮಿದುಳು ಭಂಡಾರದಂಥವು ಬೇಕಾಗುವುದು ಇಂಥ ತಾಳೆಗೇ.

ತಾಳೆಯಾದ ಮಾತ್ರಕ್ಕೆ ಮದ್ದು ಸಿಗುವುದಿಲ್ಲ. 1998ರಲ್ಲಿ ಇಲಿಗಳ ಮೇಲೆ ಗೆದ್ದ, ಗ್ಲುಟಮೇಟ್ ಎಂಬ ಮಿದುಳಿನ ರಾಸಾಯನಿಕದ ಮೇಲೆ ಕೆಲಸ ಮಾಡುವ ಮದ್ದಿನ ಕುಲಕ್ಕೇ ಸೇರಿದ ಇನ್ನೊಂದು, 2012ರಲ್ಲಿ ಮನುಷ್ಯರ ಪರೀಕ್ಷೆಯಲ್ಲಿ ಸೋತಿತು. 2024ರ ಸೆಪ್ಟೆಂಬರಿನಲ್ಲಿ ಅಮೆರಿಕ ಒಪ್ಪಿದ, ಡಿ2ವನ್ನು ಮುಟ್ಟದ ಹೊಸ ಗುಳಿಗೆಯಲ್ಲಿರುವ ಜನೋಮೆಲಿನ್ ಹುಟ್ಟಿದ್ದು ಅಲ್ಜೈಮರ್ಸ್‌ಗೆಂದು. 1990ರ ದಶಕದಲ್ಲಿ ಅದನ್ನು ತೆಗೆದುಕೊಂಡ ಮರೆವಿನ ರೋಗಿಗಳಲ್ಲಿ ಭ್ರಮೆಗಳು ತಗ್ಗಿದ್ದವು.