ಮನೆಯೊಳಗಿನ ಚರಿತ್ರೆ



ಹಳೆಯ ವಿದ್ಯಾರ್ಥಿನಿಯೊಬ್ಬಳು ಈಚೆಗೆ ಪತ್ರ ಬರೆದು, "ಸರ್, ಹಿಂದಿನವರ ಸಂಸಾರಗಳು ಹೇಗೆ ನಡೆಯುತ್ತಿದ್ದವೆಂದು ತಿಳಿಯಬೇಕಾಗಿದೆ. ಒಳ್ಳೆಯ ಐತಿಹಾಸಿಕ ಕಾದಂಬರಿಗಳನ್ನು ಸೂಚಿಸಿ" ಎಂದು ಕೇಳಿದ್ದಾಳೆ. ಮೂರು ದಶಕಗಳ ಕಾಲ ಚರಿತ್ರೆಯನ್ನು ಪಾಠ ಹೇಳಿದವನಿಗೆ ಇದು ಸುಲಭದ ಪ್ರಶ್ನೆಯೆನಿಸಬೇಕಿತ್ತು. ಆದರೆ ಕಪಾಟಿನ ಮುಂದೆ ನಿಂತಾಗ ತೊಡಕು ಅರಿವಾಯಿತು. 'ಐತಿಹಾಸಿಕ' ಎಂಬ ಹಣೆಪಟ್ಟಿ ಹೊತ್ತ ನಮ್ಮ ಕಾದಂಬರಿಗಳಲ್ಲಿ ಬಹುಪಾಲು ಕೋಟೆ, ದರ್ಬಾರು, ರಣರಂಗಗಳಲ್ಲೇ ಮುಗಿದುಹೋಗುತ್ತವೆ. ಚಿತ್ರದುರ್ಗದ ಓಬವ್ವನ ಕೈಯ ಒನಕೆಯನ್ನು ಎಲ್ಲರೂ ಬಲ್ಲರು. ಅದೇ ಒನಕೆಯಿಂದ ಆಕೆ ದಿನವೂ ಏನು ಕುಟ್ಟುತ್ತಿದ್ದಳು, ಮನೆಯಲ್ಲಿ ಎಷ್ಟು ಜನರಿಗೆ ಬಡಿಸುತ್ತಿದ್ದಳು ಎಂದು ಕೇಳುವವರಿಲ್ಲ.

ಅರಮನೆಯ ಕಾದಂಬರಿಗಳನ್ನು ತಳ್ಳಿಹಾಕಬೇಕೆಂದು ನಾನು ಹೇಳುತ್ತಿಲ್ಲ. ಮಾಸ್ತಿಯವರ 'ಚಿಕವೀರ ರಾಜೇಂದ್ರ' (1956) ಕೊಡಗಿನ ಕೊನೆಯ ಅರಸನ ಕಥೆಯಾದರೂ ಅದರ ನಡುವೆ ಇರುವುದು ಒಂದು ಮನೆತನದ ಒಳಜಗಳ. ಅರಸನಿಗೂ ತಂಗಿ ದೇವಮ್ಮಾಜಿ ಮತ್ತು ಭಾವನಿಗೂ ಬೆಳೆದ ವೈರ, ಆ ದಂಪತಿಗಳು ಇಂಗ್ಲಿಷರ ಆಶ್ರಯ ಪಡೆದದ್ದು, 1834ರಲ್ಲಿ ರಾಜ್ಯವೇ ಕೈಬಿಟ್ಟದ್ದು, ಇವೆಲ್ಲ ಒಂದೇ ಎಳೆಯಲ್ಲಿ ಸಾಗುತ್ತವೆ. ಆಸ್ತಿ ಪಾಲಿನ ಜಗಳಗಳನ್ನು ಕಂಡವರಿಗೆ ಈ ಪುಸ್ತಕ ಬೇಗ ಅರ್ಥವಾಗುತ್ತದೆ.

ಆದರೂ ಆಕೆ ಕೇಳಿದ್ದು ಸಾಮಾನ್ಯರ ಸಂಸಾರ. ಅದಕ್ಕಾಗಿ ನಾನು ಕಪಾಟಿನ ಬೇರೆ ಸಾಲಿಗೆ, ಯಾರೂ ಐತಿಹಾಸಿಕವೆಂದು ಕರೆಯದ 'ಸಾಮಾಜಿಕ' ಕಾದಂಬರಿಗಳ ಸಾಲಿಗೆ ಹೋಗಬೇಕಾಯಿತು.

ಮೊದಲನೆಯದು ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' (1941). ದಕ್ಷಿಣ ಕನ್ನಡದ ಕಡಲಂಚಿನ ಕೋಡಿ ಗ್ರಾಮದ ರಾಮ ಐತಾಳರ ಮನೆಯ ಮೂರು ತಲೆಮಾರಿನ ಕಥೆ. ಐತಾಳರ ಹೆಂಡತಿ ಪಾರೋತಿ, ವಿಧವೆಯಾದ ತಂಗಿ ಸರಸೋತಿ ಇಬ್ಬರೂ ಗದ್ದೆಗೆ ಗೊಬ್ಬರ ಹೊರುತ್ತಾರೆ, ನೇಜಿ ನೆಡುತ್ತಾರೆ, ಸೌದೆ ಒಟ್ಟುತ್ತಾರೆ. ಮಕ್ಕಳಿಲ್ಲವೆಂದು ಐತಾಳರು ಎರಡನೆಯ ಮದುವೆಯಾದಾಗ ಪಾರೋತಿ ಆ ಮನೆಯಲ್ಲೇ ಅದೇ ದುಡಿಮೆಯನ್ನು ಮುಂದುವರಿಸುತ್ತಾಳೆ. ಮಗನ ಇಂಗ್ಲಿಷ್ ಓದು, ನೆರೆಮನೆಯವರೊಂದಿಗಿನ ಪೈಪೋಟಿ, ಬೆಂಗಳೂರಿನ ಹೋಟೆಲು ವ್ಯಾಪಾರ, ಹೀಗೆ ಕಾಲ ಬದಲಾಗುವುದು ನಮಗೆ ಗೊತ್ತಾಗುತ್ತಲೇ ಹೋಗುತ್ತದೆ. ಕರಾವಳಿಯ ಮನೆಗಳಿಗೆ ಹೆಂಚು ಬಂದದ್ದು ಹೇಗೆಂದು ತರಗತಿಯಲ್ಲಿ ಹೇಳುವಾಗ 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರೆಂದು ನಾವು ಒಂದು ವಾಕ್ಯದಲ್ಲಿ ಮುಗಿಸುತ್ತೇವೆ. ಮುಳಿಹುಲ್ಲಿನ ಮಾಡಿನ ಕೆಳಗೆ ಮಳೆಗಾಲ ಕಳೆಯುವುದೆಂದರೆ ಏನೆಂಬುದು ಕಾರಂತರನ್ನು ಓದಿದ ಮೇಲೆ ತಿಳಿಯುವ ಸಂಗತಿ.

ಎರಡನೆಯದು ಎಸ್.ಎಲ್. ಭೈರಪ್ಪನವರ 'ಗೃಹಭಂಗ' (1970). ಇದರಲ್ಲಿ ಬರುವ ಶ್ಯಾನುಭೋಗ ಚೆನ್ನಿಗರಾಯನಿಗೆ ಲೆಕ್ಕ ಬರುವುದಿಲ್ಲ. ಊರಿನ ಲೆಕ್ಕದ ಪುಸ್ತಕಗಳನ್ನು ಬರೆಯುವವಳು ಹೆಂಡತಿ ನಂಜಮ್ಮ; ಹೆಸರೂ ಹುದ್ದೆಯೂ ಗಂಡನದು. ಕರ್ನಾಟಕದಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರಗಳು 1961ರ ಕಾಯಿದೆಯಿಂದ ರದ್ದಾದವು. ಅದಕ್ಕೆ ಹಿಂದಿನ ಕಂದಾಯದ ಕಡತಗಳನ್ನು ನಾವು ಚರಿತ್ರೆಯವರು 'ಮೂಲ ಆಕರ'ಗಳೆಂದು ಗೌರವದಿಂದ ತೆರೆಯುತ್ತೇವಲ್ಲ, ಅವುಗಳಲ್ಲಿ ಎಷ್ಟರಲ್ಲಿ ಹೀಗೆ ಯಾರದೋ ಹೆಂಡತಿಯ ಬರಹವಿದ್ದೀತು? ಕಡತವನ್ನು ನೋಡಿದರೆ ಅದು ಗೊತ್ತಾಗುವಂತಿಲ್ಲ. ಪ್ಲೇಗು ಬಂದಾಗ ಊರಿಗೆ ಊರೇ ಹೊರಗೆ ಗುಡಿಸಲು ಹಾಕಿಕೊಳ್ಳುವ ಪುಟಗಳನ್ನು ಮಾತ್ರ ಒಂದೇ ಓಟಕ್ಕೆ ಓದಲು ನನ್ನಿಂದ ಇಂದಿಗೂ ಆಗುವುದಿಲ್ಲ.

ನಮ್ಮ ಬಂಧುಗಳಿಗೆ ಒಂದು ಮಾತು ನೆನಪಿಸುತ್ತೇನೆ. ನಮ್ಮ ಮನೆತನದ ವಂಶವೃಕ್ಷದಲ್ಲಿ ಏಳು ತಲೆಮಾರುಗಳಿವೆ. ಯಾರ ಮಗ ಯಾರು, ಯಾರು ದತ್ತು ಹೋದರು, ಎಲ್ಲವೂ ಅಚ್ಚುಕಟ್ಟಾಗಿದೆ. ಒಬ್ಬ ಹೆಂಗಸಿನ ಹೆಸರೂ ಇಲ್ಲ. ಹೆತ್ತವರಾರೂ ಇಲ್ಲದೆ ಏಳು ತಲೆಮಾರು ಹುಟ್ಟಿಬಂದಂತಿದೆ! ನನ್ನ ಮುತ್ತಜ್ಜಿಯ ತವರಿನ ಹೆಸರೇನೆಂದು ಹೇಳಬಲ್ಲವರು ಈಗ ಯಾರೂ ಉಳಿದಿಲ್ಲ.

ಆದ್ದರಿಂದಲೇ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' (1976) ನನಗೆ ಉಳಿದೆಲ್ಲಕ್ಕಿಂತ ಹತ್ತಿರದ್ದು. ಫಣಿಯಮ್ಮ ಲೇಖಕಿಯ ಬಂಧುವರ್ಗದಲ್ಲೇ ಇದ್ದವರು. 1840ರಿಂದ 1952ರವರೆಗೆ ಬದುಕಿದ್ದವರು. ಅವರು ತಮ್ಮ ಬದುಕನ್ನು ಲೇಖಕಿಯ ತಾಯಿಗೆ ಹೇಳಿದರು, ತಾಯಿ ಮಗಳಿಗೆ ಹೇಳಿದರು, ಮಗಳು ಬರೆದರು. ಬಾಲ್ಯದಲ್ಲೇ ಮದುವೆ, ಅದರ ಬೆನ್ನಿಗೇ ಹಾವು ಕಚ್ಚಿ ಗಂಡನ ಮರಣ, ಮುಂದೆ ಒಂದು ಶತಮಾನದ ಮಡಿ ಬದುಕು. ಮೈಸೂರು ಸಂಸ್ಥಾನ ಬಾಲ್ಯವಿವಾಹವನ್ನು ತಡೆಯುವ ಕಾನೂನು ಮಾಡಿದ್ದು 1894ರಲ್ಲಿ. ಅದು ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತು. ಪ್ರಗತಿಪರ ಸಂಸ್ಥಾನವೆಂದು ನಾನೇ ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ಹೇಳಿದ್ದು ಸುಳ್ಳೂ ಅಲ್ಲ. ಆದರೆ ಒಂಬತ್ತು ವರ್ಷದ ಹುಡುಗಿಯ ಕಡೆಯಿಂದ ನೋಡಿದರೆ ಆ ಕಾನೂನು ಎಷ್ಟು ದೂರ ಬಂದಿತ್ತು? ಆ ಫಣಿಯಮ್ಮನೇ ಮುಂದೆ, ತಲೆ ಬೋಳಿಸಿಕೊಳ್ಳಲಾರೆನೆಂದು ಹಟ ಹಿಡಿದ ತರುಣ ವಿಧವೆ ದಾಕ್ಷಾಯಿಣಿಯ ಪರವಾಗಿ ನಿಲ್ಲುತ್ತಾರೆ. ಭಾಷಣ ಮಾಡುವುದಿಲ್ಲ, ಯಾವ ಚಳವಳಿಯ ಹೆಸರನ್ನೂ ಹೇಳುವುದಿಲ್ಲ. ಪ್ರೇಮಾ ಕಾರಂತರು 1983ರಲ್ಲಿ ಇದನ್ನು ಚಲನಚಿತ್ರವಾಗಿಸಿದರು. ಚಿತ್ರ ಚೆನ್ನಾಗಿದೆ, ಪುಸ್ತಕವನ್ನೇ ಮೊದಲು ಓದಿರಿ.

ಇನ್ನೂ ಹಿಂದಿನ ಕಾಲ ಬೇಕೆನ್ನುವವರು ಗೋಪಾಲಕೃಷ್ಣ ಪೈ ಅವರ 'ಸ್ವಪ್ನ ಸಾರಸ್ವತ'ವನ್ನು ಕೈಗೆತ್ತಿಕೊಳ್ಳಬಹುದು. ಪೋರ್ಚುಗೀಸರ ಕಾಟಕ್ಕೆ ಗೋವೆಯನ್ನು ಬಿಟ್ಟು ದಕ್ಷಿಣಕ್ಕೆ ಬಂದ ಸಾರಸ್ವತ ಕುಟುಂಬಗಳ ಕಥೆ. 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿದೆ. ಗಾತ್ರ ನೋಡಿ ಹೆದರಬೇಡಿ.

ಇವೆಲ್ಲ ಕಾದಂಬರಿಗಳು, ಸಾಕ್ಷ್ಯಪತ್ರಗಳಲ್ಲ ಎಂಬ ಎಚ್ಚರ ಇರಲಿ. ಹೊಸ ಪುಸ್ತಕವೊಂದು ಸಿಕ್ಕಿದರೆ ನಾನು ಮೊದಲು ಅದರ ಅಡುಗೆಮನೆಗೆ ಹೋಗುತ್ತೇನೆ. ಹೊಯ್ಸಳರ ಕಾಲದ ಒಲೆಯ ಮೇಲೆ ಕೆಂಪು ಮೆಣಸಿನಕಾಯಿ ಹುರಿಯುತ್ತಿದ್ದರೆ ಲೇಖಕರು ಶಾಸನ ಓದಿದ್ದರೂ ಅಡುಗೆಮನೆಯನ್ನು ವಿಚಾರಿಸಿಲ್ಲವೆಂದೇ ತಿಳಿಯಬೇಕು. ಮೆಣಸಿನಕಾಯಿ ಅಮೆರಿಕ ಖಂಡದಿಂದ ಪೋರ್ಚುಗೀಸರ ಮೂಲಕ ನಮಗೆ ಬಂದದ್ದು. ಅದಕ್ಕೆ ಮೊದಲು ನಮ್ಮವರ ಖಾರವೆಲ್ಲ ಕಾಳುಮೆಣಸು, ಶುಂಠಿಗಳದು. ಆಲೂಗೆಡ್ಡೆ, ಕಡಲೆಕಾಯಿಗಳ ಕಥೆಯೂ ಅಷ್ಟೇ.

ವಿದ್ಯಾರ್ಥಿನಿಗೆ 'ಫಣಿಯಮ್ಮ'ನಿಂದ ಆರಂಭಿಸಲು ಬರೆದಿದ್ದೇನೆ. ಚಿಕ್ಕ ಪುಸ್ತಕ, ಎರಡು ಸಂಜೆಗೆ ಮುಗಿಯುತ್ತದೆ. ಬಂಧುಗಳಲ್ಲಿ ಯಾರಿಗಾದರೂ ನಮ್ಮ ಮನೆಯ ಹಿಂದಿನ ಹೆಂಗಸರ ಹೆಸರು, ತವರೂರು ಗೊತ್ತಿದ್ದರೆ ದಯವಿಟ್ಟು ತಿಳಿಸಿರಿ. ವಂಶವೃಕ್ಷದ ಹಾಳೆಯ ಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಿದ್ದೇನೆ. ಸದ್ಯಕ್ಕೆ ನಾಲ್ಕು ಹೆಸರುಗಳಾಗಿವೆ.