ಹಿಮ ಬೀಳದ ಗಿರಿ, ಮಳೆ ತಡೆಯುವ ಗೋಡೆ
ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಬದುಕನ್ನು ರೂಪಿಸಿದ ಚಂದ್ರದ್ರೋಣ ಪರ್ವತ

ಬೆಂಗಳೂರಿನಿಂದ ಹೊರಟ ರೈಲು ಕಡೂರು ದಾಟಿ ಬೀರೂರು ಜಂಕ್ಷನ್ ತಲುಪಿದಾಗ ಹಳಿಗಳು ಕವಲೊಡೆಯುತ್ತವೆ. ಒಂದು ಮಾರ್ಗ ತರೀಕೆರೆಯ ಅಡಿಕೆ ತೋಟಗಳ ನಡುವೆ ಶಿವಮೊಗ್ಗದತ್ತ ಸಾಗಿದರೆ, ಇನ್ನೊಂದು ಅಜ್ಜಂಪುರ, ಶಿವನಿಗಳ ಈರುಳ್ಳಿ ಹೊಲಗಳನ್ನು ಹಾದು ಹುಬ್ಬಳ್ಳಿಯತ್ತ ನಡೆಯುತ್ತದೆ. ಒಂದೇ ಜಿಲ್ಲೆಯ, ಅಕ್ಕಪಕ್ಕದ ಊರುಗಳ ನಡುವೆ ಇಷ್ಟೊಂದು ವ್ಯತ್ಯಾಸವೇಕೆ? ಉತ್ತರ ರೈಲಿನ ಕಿಟಕಿಯಿಂದಲೇ ಪಶ್ಚಿಮ ದಿಗಂತದಲ್ಲಿ ಕಾಣುತ್ತದೆ. ಅದು ಬಾಬಾಬುಡನ್‌ಗಿರಿ ಶ್ರೇಣಿ. ಕುದುರೆ ಲಾಳದಂತೆ ಬಾಗಿರುವುದರಿಂದ ಇದಕ್ಕೆ ಚಂದ್ರದ್ರೋಣ ಪರ್ವತವೆಂಬ ಹೆಸರೂ ಇದೆ. ಇದರಲ್ಲಿರುವ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಎತ್ತರವಿದ್ದು, ರಾಜ್ಯದ ಅತ್ಯುನ್ನತ ಶಿಖರವಾಗಿದೆ.

ಇಲ್ಲಿ ಹಿಮವೇಕೆ ಬೀಳದು?

ಸ್ಕೀಯಿಂಗ್‌ಗೆ ಹೆಸರಾದ ಕಾಶ್ಮೀರದ ಗುಲ್‌ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಮುಳ್ಳಯ್ಯನಗಿರಿ ಅದಕ್ಕಿಂತ ಸುಮಾರು 700 ಮೀಟರ್ ಮಾತ್ರ ತಗ್ಗು. ಆದರೂ ಅಲ್ಲಿ ಚಳಿಗಾಲದಲ್ಲಿ ಆಳೆತ್ತರ ಹಿಮ ಬೀಳುತ್ತದೆ, ಇಲ್ಲಿ ಒಂದು ಹಳುಕೂ ಇಲ್ಲ. ಎತ್ತರದಷ್ಟೇ ಅಕ್ಷಾಂಶವೂ ಮುಖ್ಯ ಎಂಬುದೇ ಇದಕ್ಕೆ ಕಾರಣ. ಗುಲ್‌ಮಾರ್ಗ್ 34 ಡಿಗ್ರಿ ಉತ್ತರದಲ್ಲಿದ್ದರೆ, ಚಂದ್ರದ್ರೋಣ ಕೇವಲ 13 ಡಿಗ್ರಿಯಲ್ಲಿದೆ.

ಪ್ರತಿ ಸಾವಿರ ಮೀಟರ್ ಮೇಲೇರಿದಂತೆ ವಾಯುಮಂಡಲದ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದ ಕಡೂರಿಗಿಂತ ಮುಳ್ಳಯ್ಯನಗಿರಿಯ ತುದಿ ಏಳೆಂಟು ಡಿಗ್ರಿ ತಂಪಾಗಿರುವುದು ಇದರಿಂದಲೇ. ಆದರೆ ಉಷ್ಣವಲಯದಲ್ಲಿ ಉಷ್ಣತೆ ಶೂನ್ಯಕ್ಕೆ ಇಳಿಯಬೇಕಾದರೆ ಸುಮಾರು 5,000 ಮೀಟರ್ ಏರಬೇಕು. ಸಮಭಾಜಕ ವೃತ್ತದ ಸಮೀಪದಲ್ಲಿದ್ದರೂ ಆಫ್ರಿಕಾದ ಕಿಲಿಮಂಜಾರೊ ನೆತ್ತಿಯ ಮೇಲೆ ಹಿಮ ಹೊತ್ತಿರುವುದು ಅದರ 5,895 ಮೀಟರ್ ಎತ್ತರದಿಂದ. ಮುಳ್ಳಯ್ಯನಗಿರಿಗೆ ಆ ಭಾಗ್ಯ ಒದಗಬೇಕಾದರೆ ಅದು ಈಗಿರುವುದಕ್ಕಿಂತ ಎರಡೂವರೆ ಪಟ್ಟು ಬೆಳೆಯಬೇಕಾದೀತು!

ಹಾಗೆಂದು ಈ ಸೀಮೆಗೆ ಮಂಜುಗಡ್ಡೆಯ ಪರಿಚಯವೇ ಇಲ್ಲವೆನ್ನುವಂತಿಲ್ಲ. ಬೇಸಿಗೆಯಲ್ಲಿ ಕಾದ ನೆಲದಿಂದ ಎದ್ದ ಗುಡುಗು ಮೋಡಗಳು ಹೆಪ್ಪುಗಟ್ಟುವ ಎತ್ತರವನ್ನೂ ಮೀರಿ ಬೆಳೆಯುತ್ತವೆ. ಅಲ್ಲಿ ನೀರಹನಿಗಳು ಗಡ್ಡೆಕಟ್ಟಿ ಆಲಿಕಲ್ಲಾಗಿ ಹೊಲಗಳ ಮೇಲೆ ಸುರಿಯುತ್ತವೆ.

ಎತ್ತರದ ಇನ್ನೊಂದು ಪರಿಣಾಮ ಅಡುಗೆಯಲ್ಲಿ ಕಾಣುತ್ತದೆ. ಮುಳ್ಳಯ್ಯನಗಿರಿಯ ತುದಿಯಲ್ಲಿ ವಾಯುಭಾರ ಸಮುದ್ರಮಟ್ಟದ ಶೇಕಡ 80ರಷ್ಟಿರುವುದರಿಂದ ನೀರು 100 ಡಿಗ್ರಿಗೆ ಬದಲಾಗಿ ಸುಮಾರು 93.5 ಡಿಗ್ರಿಯಲ್ಲೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಹೆಚ್ಚು ಹೊತ್ತು ಹಿಡಿಯುತ್ತದೆ.

ಮಳೆಯ ನೆರಳು

ಅರಬ್ಬಿ ಸಮುದ್ರದಿಂದ ಬರುವ ಮುಂಗಾರು ಮಾರುತಗಳು ಮೊದಲು ಆಗುಂಬೆ, ಕುದುರೆಮುಖದ ಘಟ್ಟಗಳಿಗೆ, ನಂತರ ಚಂದ್ರದ್ರೋಣಕ್ಕೆ ತಾಗುತ್ತವೆ. ಮೇಲೇರಿದ ಗಾಳಿ ತಣಿದು ಮಳೆ ಸುರಿಸುತ್ತದೆ. ಬೆಟ್ಟ ದಾಟಿ ಪೂರ್ವಕ್ಕೆ ಇಳಿಯುವಾಗ ಅದೇ ಗಾಳಿ ಬಿಸಿಯಾಗಿ, ಉಳಿದ ಮೋಡಗಳೂ ಕರಗಿಹೋಗುತ್ತವೆ. ಗಿರಿಯ ಪಶ್ಚಿಮ ಪಾರ್ಶ್ವದಲ್ಲಿ ವರ್ಷಕ್ಕೆ 2,000 ಮಿಲಿಮೀಟರ್‌ಗೂ ಮಿಕ್ಕಿ ಮಳೆಯಾದರೆ, ನೇರ ದೂರದಲ್ಲಿ 40 ಕಿಲೋಮೀಟರ್‌ಗಿಂತ ಕಡಿಮೆ ಅಂತರದ ಕಡೂರಿಗೆ ದಕ್ಕುವುದು 600 ಮಿಲಿಮೀಟರ್‌ನ ಆಸುಪಾಸು ಮಾತ್ರ. ಕಡೂರು ತಾಲ್ಲೂಕು ಪದೇ ಪದೇ ಬರಪೀಡಿತ ಪಟ್ಟಿಗೆ ಸೇರುವುದರ ಹಿಂದಿನ ಭೌಗೋಳಿಕ ಕಾರಣ ಇದೇ. ಗಿರಿಯ ಉತ್ತರ ತಪ್ಪಲಿನ ತರೀಕೆರೆ ಇವೆರಡರ ನಡುವಿನ ಅರೆಮಲೆನಾಡು.

ಇದೇ ಗಿರಿ ನದಿಗಳನ್ನೂ ಪಾಲು ಮಾಡಿದೆ. ಲಾಳದ ಒಳಗಿನ ಜಾಗರ ಕಣಿವೆಯ ನೀರು ಸೋಮವಾಹಿನಿಯಾಗಿ ಭದ್ರೆಯನ್ನು ಕೂಡುತ್ತದೆ. ಪೂರ್ವದ ಇಳಿಜಾರಿನಲ್ಲಿ ಹುಟ್ಟುವ ವೇದಾ ಮತ್ತು ಅವತಿ ಕಡೂರಿನ ಬಳಿ ಸಂಗಮಿಸಿ ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರವನ್ನು ಸೇರುತ್ತವೆ. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯೂ ಗಿರಿಯ ನೀರನ್ನೇ ನಂಬಿದೆ.

ಹುಲ್ಲು, ಹೂವು, ಕಬ್ಬಿಣ

ಗಿರಿಯ ನೆತ್ತಿಯಲ್ಲಿ ಬಿರುಗಾಳಿಗೆ ಮೈಯೊಡ್ಡಿದ ಹುಲ್ಲುಗಾವಲು, ನೀರು ನಿಲ್ಲುವ ಮಡಿಲುಗಳಲ್ಲಿ ಗಿಡ್ಡ ಮರಗಳ ದಟ್ಟ ಶೋಲಾ ಕಾಡು ಇವೆ. ಇವೆರಡೂ ಸೇರಿ ಮಳೆಗಾಲದ ನೀರನ್ನು ಹಿಡಿದಿಟ್ಟು, ತೊರೆಗಳಿಗೆ ನಿಧಾನವಾಗಿ ಬಿಟ್ಟುಕೊಡುತ್ತವೆ. ಹಲವು ವರ್ಷಗಳಿಗೊಮ್ಮೆ ಹೂಬಿಡುವ ಕುರಿಂಜಿ ಜಾತಿಯ ಗಿಡಗಳ ನೆಲೆಯೂ ಇದೇ. 2022ರಲ್ಲಿ ಇವು ಬೆಟ್ಟಗಳನ್ನೇ ನೀಲಿಯಾಗಿಸಿದ್ದವು. 17ನೇ ಶತಮಾನದಲ್ಲಿ ಬಾಬಾ ಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜಗಳನ್ನು ತಂದು ಇಲ್ಲಿ ಬಿತ್ತಿದರೆಂಬ ಪ್ರತೀತಿಯಿದೆ.

ನೆಲದೊಳಗಿನ ಕಥೆ ಇನ್ನೂ ಹಳೆಯದು. ಇಲ್ಲಿನ ಕಬ್ಬಿಣದ ಪದರಶಿಲೆಗಳು 250 ಕೋಟಿ ವರ್ಷಗಳಿಗಿಂತಲೂ ಪುರಾತನ. ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಹೆಸರಿನಲ್ಲೇ ಕೆಂಪು ಮಣ್ಣಿದೆ. 1923ರಲ್ಲಿ ಆರಂಭಗೊಂಡ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಇಲ್ಲಿಂದಲೇ ಹೋಗುತ್ತಿತ್ತು.

ಬಯಲಿನ ಹುಲ್ಲಿಗೂ ತನ್ನದೇ ಮಹತ್ವವಿದೆ. ಮೈಸೂರು ಅರಸರ ಕಾಲದ ಅಮೃತಮಹಲ್ ರಾಸುಗಳ ತಳಿ ಸಂವರ್ಧನಾ ಕೇಂದ್ರ ಅಜ್ಜಂಪುರದಲ್ಲಿದೆ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು ಕೃಷ್ಣಮೃಗಗಳ ಆಶ್ರಯವಾಗಿದ್ದು, 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿತವಾಯಿತು.

ಗೋಡೆ ಕೊರೆದ ಮನುಷ್ಯ

ಮಳೆಯ ಈ ಅಸಮ ಹಂಚಿಕೆಯನ್ನು ಸರಿಪಡಿಸುವ ಯತ್ನವೇ ಭದ್ರಾ ಮೇಲ್ದಂಡೆ ಯೋಜನೆ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಜಲಾಶಯದಿಂದ ನೀರನ್ನು ಪಂಪ್‌ಗಳಿಂದ ಮೇಲೆತ್ತಿ, ಅಜ್ಜಂಪುರದ ಬಳಿ ಕೊರೆದ ಸುಮಾರು 7 ಕಿಲೋಮೀಟರ್ ಉದ್ದದ ಸುರಂಗದ ಮೂಲಕ ಪೂರ್ವದ ಬಯಲುಸೀಮೆಗೆ ಹರಿಸುವುದು ಇದರ ಉದ್ದೇಶ. ಭದ್ರೆಯ ನೀರು 2019ರಲ್ಲಿ ವಾಣಿವಿಲಾಸ ಸಾಗರವನ್ನು ತಲುಪಿತು. ಒಳ್ಳೆಯ ಮಳೆಯೂ ಕೂಡಿಬಂದು, 1933ರ ನಂತರ ಮೊದಲ ಬಾರಿಗೆ 2022ರಲ್ಲಿ ಆ ಜಲಾಶಯ ಕೋಡಿ ಬಿದ್ದಿತು.

ಆದರೆ ಸುರಂಗದಲ್ಲಿ ಹರಿಯುವ ನೀರೂ ಮೊದಲು ಬೆಟ್ಟಕಾಡುಗಳಲ್ಲಿ ಇಂಗಿ ಬರಬೇಕು. ಕಾಳ್ಗಿಚ್ಚು, ರಸ್ತೆ ಅಗಲೀಕರಣ, ವಾರಾಂತ್ಯದ ವಾಹನ ದಟ್ಟಣೆಗಳಿಂದ ಗಿರಿಯ ತೆಳುವಾದ ಮಣ್ಣು ಸಡಿಲಗೊಳ್ಳುತ್ತದೆ. ಮಳೆಗಾಲದಲ್ಲಿ ಅಲ್ಲಲ್ಲಿ ಗುಡ್ಡ ಕುಸಿಯುತ್ತದೆ. 2025ರಲ್ಲಿ ಜಿಲ್ಲಾಡಳಿತವು ಮುಳ್ಳಯ್ಯನಗಿರಿ ಭಾಗಕ್ಕೆ ತೆರಳುವ ವಾಹನಗಳ ಸಂಖ್ಯೆಗೆ ಮಿತಿ ಹಾಕಿ, ಮುಂಗಡ ನೋಂದಣಿಯನ್ನು ಜಾರಿಗೆ ತಂದಿತು. ತಂಪು ಹುಡುಕಿ ಗಿರಿಗೆ ಬರುವ ಪ್ರವಾಸಿಗೆ ಇದು ತುಸು ತೊಡಕೆನಿಸಬಹುದು. ತಪ್ಪಲಿನ ಕಡೂರಿನ ರೈತನಿಗಾದರೋ ಅದು ಮುಂದಿನ ಬೇಸಿಗೆಯಲ್ಲಿ ಕೆರೆಗೆ ನೀರು ಬರುವುದೋ ಇಲ್ಲವೋ ಎಂಬ ಪ್ರಶ್ನೆ.