ಹನಿಗೂಡಿದ ವಿದ್ಯುತ್ತು

ಹನಿಗೂಡಿದರೆ ಹಳ್ಳವೆಂಬ ಗಾದೆಯು ನೀರಿಗೆ ಸಲ್ಲುವಂತೆ ವಿದ್ಯುಚ್ಛಕ್ತಿಗೂ ಸಲ್ಲುವದು. ಬಿಸಿಲು, ಯಂತ್ರಗಳ ಕಂಪನ, ಮೈಯ ಕಾವು, ಆಕಾಶದಲ್ಲಿ ಸಂಚರಿಸುವ ರೇಡಿಯೋ ತರಂಗ, ಇವುಗಳೊಳಗಿನ ಅಲ್ಪಶಕ್ತಿಯನ್ನು ಕೂಡಿಹಾಕಿ, ತಂತಿಯ ಹಂಗೂ ಬ್ಯಾಟರಿ ಬದಲಿಸುವ ತೊಡಕೂ ಇಲ್ಲದೆ ಪುಟ್ಟ ಉಪಕರಣಗಳನ್ನು ನಡೆಯಿಸುವ ಸಂಶೋಧನವು ಈಗ ಅನೇಕ ದೇಶಗಳಲ್ಲಿ ನಡೆದಿರುವದು. ಇದು ನಿನ್ನೆ ಮೊನ್ನೆಯ ವಿಚಾರವೆಂದು ಹಲವರು ಭಾವಿಸುವರು. ಆದರೆ ಇದರ ಇತಿಹಾಸವು ಹಳೆಯದು. ರಾಯಬಾಗದಂಥ ಊರು ಅದರಿಂದ ತಿಳಿದುಕೊಳ್ಳತಕ್ಕ ಸಂಗತಿಯೂ ಒಂದುಂಟು.

ಎರಡು ಲೋಹಗಳ ಸಂಧಿಯನ್ನು ಕಾಯಿಸಿದರೆ ವಿದ್ಯುತ್ತು ಹುಟ್ಟುವದೆಂಬುದರ ಮೂಲವು 1821ರಲ್ಲಿ ಸೀಬೆಕ್ಕನಿಗೆ ಗೋಚರಿಸಿತು. ಬೆಳಕಿನಿಂದಲೂ ವಿದ್ಯುತ್ತು ದೊರೆಯುವದನ್ನು 1839ರಲ್ಲಿ ಬೆಕೆರೆಲನು ಕಂಡನು. ಕೆಲವು ಹರಳುಗಳನ್ನು ಅದುಮಿದರೆ ವಿದ್ಯುತ್ತು ತೋರುವದೆಂದು ಕ್ಯೂರಿ ಸೋದರರು 1880ರಲ್ಲಿ ಸಿದ್ಧಪಡಿಸಿದರು. ಇಂದಿನ ಸಂಶೋಧನಕ್ಕೆ ಈ ಮೂರೂ ತಳಹದಿಗಳಾಗಿವೆ.

ಇಂಥ ಸ್ವಾವಲಂಬಿ ಉಪಕರಣಗಳಲ್ಲಿ ಮನೆಮನೆಗೆ ಮೊದಲು ಬಂದದ್ದು ಹರಳಿನ ರೇಡಿಯೋ. ಅದರ ಜೀವಾಳವಾದ ಸೀಸದ ಅದಿರಿನ ಹರಳನ್ನು ತರಂಗಶೋಧಕವಾಗಿ ಬಳಸುವ ಕ್ರಮಕ್ಕೆ ನಮ್ಮ ಜಗದೀಶಚಂದ್ರ ಬೋಸರು 1901ರಲ್ಲಿ ಅಮೇರಿಕೆಯಲ್ಲಿ ಅರ್ಜಿ ಮಾಡಿ 1904ರಲ್ಲಿ ಹಕ್ಕುಪತ್ರವನ್ನು ಪಡೆದರು. ಒಂದು ಉದ್ದವಾದ ತಂತಿ, ಒಂದು ಸುರುಳಿ, ಒಂದು ಹರಳು, ಕಿವಿಗಿಡುವ ಒಂದು ಶ್ರವಣಯಂತ್ರ, ಇಷ್ಟೇ ಅದರ ಸಲಕರಣೆ. ಬ್ಯಾಟರಿಯ ಮಾತೇ ಇಲ್ಲ. ಪ್ರಸಾರನಿಲಯದಿಂದ ಹೊರಟ ತರಂಗದ ಶಕ್ತಿಯೇ ಕೇಳುವವನ ಕಿವಿಯಲ್ಲಿ ಧ್ವನಿಯಾಗುತ್ತಿತ್ತು.

ಆದರೆ ಇದರಲ್ಲಿ ಒಂದು ದೊಡ್ಡ ಕೊರತೆಯಿತ್ತು. ನಿಲಯದಿಂದ ದೂರವು ಇಮ್ಮಡಿಯಾದರೆ ತರಂಗದ ಬಲವು ನಾಲ್ಕರಲ್ಲೊಂದು ಪಾಲಿಗೆ ಇಳಿಯುವದು. ನೆಲದ ಮೇಲೆ ಇನ್ನೂ ಕುಗ್ಗುವದು. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ಆಕಾಶವಾಣಿಯನ್ನು ಆರಂಭಿಸಿದರು. ಧಾರವಾಡದ ನಿಲಯವು 1950ನೆಯ ಜನೆವರಿ 8ರಂದು ಪ್ರಾರಂಭವಾಯಿತು. 1949ರಲ್ಲಿ ಕೊಲ್ಲಾಪುರ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವ ವರೆಗೆ ಆ ಸಂಸ್ಥಾನಕ್ಕೆ ಸೇರಿದ್ದ ರಾಯಬಾಗವು ಧಾರವಾಡದಿಂದಲೂ 100 ಕಿಲೋಮೀಟರಿಗಿಂತ ಹೆಚ್ಚು ದೂರವಿರುವದು. ನಿಲಯದ ನೆರೆಯವರಿಗೆ ಪುಕ್ಕಟೆ ಒದಗಿದ ಶಕ್ತಿಯು ಇಷ್ಟು ದೂರ ಬರುವಷ್ಟರಲ್ಲಿ ಕ್ಷೀಣವಾಗುವದು ಸಹಜವೇ. ತಂತಿ ಬಾರದ ಹಳ್ಳಿಗಳಿಗೆ ಬ್ಯಾಟರಿಯ ಖರ್ಚು ತಪ್ಪುವಂತಿರಲಿಲ್ಲ. ಯಾರಿಗೆ ಹೆಚ್ಚು ಅವಶ್ಯಕವೋ ಅವರಿಗೇ ಅದು ದಕ್ಕಲಿಲ್ಲ.

ಮುಂದೆ ಎರಡು ಶೋಧಗಳು ಈ ಸ್ಥಿತಿಯನ್ನು ಬದಲಿಸಿದವು. 1947ರ ಟ್ರಾನ್ಸಿಸ್ಟರಿನಿಂದ ಉಪಕರಣಗಳ ಹಸಿವು ಕಡಿಮೆಯಾಗುತ್ತ ಬಂದಿತು. ಈಗಿನ ಕೆಲವು ಸಣ್ಣ ಮಾಪಕಗಳು ಸುಮ್ಮನಿರುವಾಗ ವಾಟಿನ ಹತ್ತು ಲಕ್ಷದಲ್ಲಿ ಕೆಲವೇ ಪಾಲು ಶಕ್ತಿಯಿಂದ ತೃಪ್ತವಾಗುವವು. 1954ರಲ್ಲಿ ಬೆಲ್ ಪ್ರಯೋಗಶಾಲೆಯವರು ಬಿಸಿಲಿನ ಶೇಕಡಾ 6ರಷ್ಟನ್ನು ವಿದ್ಯುತ್ತಾಗಿಸುವ ಸಿಲಿಕಾನಿನ ಕೋಶವನ್ನು ತೋರಿಸಿದರು. ಬೆಂಗಳೂರಿನಲ್ಲಿ ಸಿದ್ಧವಾಗಿ 1975ರಲ್ಲಿ ಆಕಾಶಕ್ಕೇರಿದ ಆರ್ಯಭಟ ಉಪಗ್ರಹಕ್ಕೆ ಇಂಥ ಕೋಶಗಳೇ ಆಧಾರ. 2006ರಲ್ಲಿ ಅಮೇರಿಕೆಯ ಜಾರ್ಜಿಯಾದಲ್ಲಿ ಝೋಂಗ್ ಲಿನ್ ವಾಂಗರು ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಸತುವಿನ ಆಕ್ಸೈಡಿನ ಎಳೆಗಳನ್ನು ಬಾಗಿಸಿ ವಿದ್ಯುತ್ತನ್ನು ಪಡೆದರು.

ಈ ವಿದ್ಯೆಯು ಹೊಲಕ್ಕೂ ಉಪಯುಕ್ತವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಸ್ವಿಟ್ಜರ್ಲಂಡಿನ ಲೋಸಾನ್ ನಗರದ ತಂತ್ರವಿದ್ಯಾಲಯದವರೂ ಕೂಡಿ, ಈ ಶತಮಾನದ ಮೊದಲ ದಶಕದಲ್ಲಿ, ತುಮಕೂರು ಜಿಲ್ಲೆಯ ಪಾವಗಡ ತಾಲೂಕಿನ ಚೆನ್ನಕೇಶವಪುರದಲ್ಲಿ ಬಡ ಒಕ್ಕಲಿಗರ ಹಿತಕ್ಕಾಗಿ ನೆಲದ ತೇವವನ್ನಳೆದು ತಂತಿಯಿಲ್ಲದೆ ತಿಳಿಸುವ ಮಾಪಕಗಳ ಪ್ರಯೋಗವನ್ನು ಮಾಡಿದರು. ಇಂಥ ಮಾಪಕವು ಎಷ್ಟೇ ಚತುರವಾಗಿರಲಿ, ಬ್ಯಾಟರಿ ತೀರಿದ ದಿವಸ ಮೂಕವಾಗುವದು. ಹತ್ತು ಹೊಲಗಳ ನೂರು ಮಾಪಕಗಳಿಗೆ ಬ್ಯಾಟರಿ ಹಾಕುತ್ತ ತಿರುಗಲು ಒಕ್ಕಲಿಗನಿಗೆ ಬಿಡುವೆಲ್ಲಿಯದು?

ಕೃಷ್ಣೆಯ ನೀರುಂಡು ಕಬ್ಬು ಬೆಳೆಯುವ ಎರೆಭೂಮಿಗೆ ಈ ಪ್ರಶ್ನೆಯು ಪರಕೀಯವಲ್ಲ. ನೀರು ಕಡಿಮೆಯಾದರೆ ಬೆಳೆ ಬಾಡುವದು. ಹೆಚ್ಚಾಗಿ ಬಸಿದು ಹೋಗದಿದ್ದರೆ ನೆಲವು ಸವಳಾಗಿ ಮಕ್ಕಳ ಕಾಲಕ್ಕೆ ಬರಡಾಗುವದು. ಎಷ್ಟು ನೀರು ಸಾಕೆಂಬುದನ್ನು ಅರಿಯುವದು ಆದ್ದರಿಂದ ಮಹತ್ವದ್ದು. ಕಬ್ಬು ಎತ್ತರಕ್ಕೆ ಬೆಳೆದಾಗ ಬುಡಕ್ಕೆ ಬೆಳಕು ಸಾಲದು. ಕೋಶವನ್ನು ಕಂಬದ ಮೇಲಿಡಬೇಕು, ರಾತ್ರಿಗಾಗಿ ಶಕ್ತಿಯನ್ನು ಕೂಡಿಡಬೇಕು. ಇವು ತೊಡಕುಗಳೇ ಸರಿ, ಆದರೆ ಅಸಾಧ್ಯಗಳಲ್ಲ. ನಡುಹಗಲಿನ ಬಿಸಿಲು ಒಂದು ಚದರ ಸೆಂಟಿಮೀಟರಿನ ಮೇಲೆ ಸುಮಾರು 100 ಮಿಲಿವಾಟನ್ನು ಸುರಿಯುವದು. ಅದರಲ್ಲಿ ಹತ್ತರಲ್ಲೊಂದು ಪಾಲು ದಕ್ಕಿದರೂ ಮಾಪಕಕ್ಕೆ ಧಾರಾಳವಾಯಿತು. ಹರಳಿನ ರೇಡಿಯೋವು ದೂರದ ನಿಲಯವನ್ನು ನೆಚ್ಚಬೇಕಾಗಿತ್ತು. ಬಿಸಿಲು ಮಾತ್ರ ಧಾರವಾಡದ ಮೇಲೆ ಬಿದ್ದಷ್ಟೇ ರಾಯಬಾಗದ ಮೇಲೂ ಬೀಳುವದು.